ಕೊನೆಯ ಲೋಟ ಬೋರಲಾಗುವವರೆಗೆ

ಹೋದ ತಿಂಗಳು ಹುಬ್ಬಳ್ಳಿಯ ಒಂದು ಮದುವೆಯಲ್ಲಿ ನನ್ನಿಂದಾಗಿ ಸಣ್ಣ ಗಲಾಟೆಯೇ ಆಗುವುದರಲ್ಲಿತ್ತು. ನಿಮಗೂ ಗೊತ್ತಿರುವ ಸಂಗತಿಯೇ. ಈಗಿನ ಕಲ್ಯಾಣ ಮಂಟಪಗಳಲ್ಲಿ ನೀವು ಉಣ್ಣುತ್ತಿರುವಾಗಲೇ ನಿಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ಮುಂದಿನ ಪಂಕ್ತಿಯವರೊಬ್ಬರು ನಿಂತಿರುತ್ತಾರೆ. ನಿಮ್ಮ ಎಲೆಯಲ್ಲಿ ಹೋಳಿಗೆ ಎಷ್ಟು ಉಳಿದಿದೆ, ನೀವು ಮಜ್ಜಿಗೆಗೆ ಕೈಯೊಡ್ಡುತ್ತೀರೋ ಇಲ್ಲವೋ ಎಂಬುದನ್ನು ನಿಮಗಿಂತ ಹೆಚ್ಚು ಕಾಳಜಿಯಿಂದ ನೋಡುತ್ತಿರುತ್ತಾರೆ. ನನ್ನ ಕುರ್ಚಿ ಹಿಡಿದವರು ತುರುಬಿನ ತುಂಬ ಮಲ್ಲಿಗೆ ಮುಡಿದ ಒಬ್ಬ ಹೆಂಗಸು. ನನ್ನ ಊಟ ಮುಗಿಯಿತು, ಎಲೆ ಮಡಚಿದ್ದಾಯಿತು, ಬೆರಳೂ ಒಣಗಿದವು. ನಾನು ಮಾತ್ರ ಏಳಲಿಲ್ಲ.

"ಆತೇನ್ರಿ ಅಕ್ಕಾರ?" ಎಂದರು ಅವರು.

"ನಂದಾತ್ರಿ. ಅವರದಿನ್ನೂ ಆಗಿಲ್ಲ" ಎಂದು ಸಾಲಿನ ಆ ತುದಿಯಲ್ಲಿ ಅನ್ನ ಕಲಸುತ್ತಿದ್ದ ಒಬ್ಬ ಮುದುಕರತ್ತ ತೋರಿಸಿದೆ.

"ಅವರು ನಿಮ್ಮ ಪೈಕಿ ಏನ್ರಿ?"

"ಅಲ್ಲರಿ. ಯಾರೋ ಏನೋ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುದುಕರಿಗೂ ವಿಷಯ ಗೊತ್ತಾಗಿ, ಪಾಪ, ಗಾಬರಿಯಿಂದ ದೊಡ್ಡ ದೊಡ್ಡ ತುತ್ತು ನುಂಗತೊಡಗಿದರು. "ಸಾವಕಾಶ ಉಣ್ರಿ ಅಜ್ಜಾರ, ನಾ ಕುಂತೇನಿ" ಎಂದು ನಾನು ಕೂಗಿ ಹೇಳಿದೆ. ಸಾಲಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದ ನನ್ನ ಗಂಡ ಹೆಂಡತಿಯನ್ನೇ ಗುರುತಿಸದವನ ಹಾಗೆ ಬೀಡಾ ಕಟ್ಟುವವನನ್ನು ನೋಡುತ್ತ ಕೂತ.

ಉಂಡ ಮೇಲೆ ಒಬ್ಬಳೇ ಎದ್ದು ಹೋಗಲಾರದ ಈ ಚಟ ನನಗೆ ಹತ್ತಿದ್ದು ಮುಂಡಗೋಡದಲ್ಲಿ, ಜೆಸ್ಯೂಟ್ ಫಾದರ್‌ಗಳು ನಡೆಸುವ ಪುಟ್ಟ ವಿಶ್ವವಿದ್ಯಾಲಯದಲ್ಲಿ. ಹೆಸರಿಗೇನೋ ವಿಶ್ವವಿದ್ಯಾಲಯ. ಆದರೆ ಯಾರಿಗಾದರೂ ಜ್ವರ ಬಂದರೆ ಮಧ್ಯಾಹ್ನದೊಳಗೆ ಕುಲಪತಿಗಳೇ ಕೋಣೆಗೆ ಬಂದು "ಗಂಜಿ ಕುಡಿದೆಯಾ?" ಎಂದು ಕೇಳುವಷ್ಟು ಸಣ್ಣದು. ಹೊಸಬರು ಬಂದ ವಾರದೊಳಗೆ ಯಾರು ಗೊರಕೆ ಹೊಡೆಯುತ್ತಾರೆ, ಯಾರ ಊರಿಂದ ಉಪ್ಪಿನಕಾಯಿ ಬರುತ್ತದೆ ಎಂಬುದೆಲ್ಲ ಕ್ಯಾಂಪಸ್ಸಿನ ಬೆಕ್ಕಿಗೂ ತಿಳಿದಿರುತ್ತಿತ್ತು. ದಾಂಡೇಲಿ, ಹಳಿಯಾಳ, ಜೋಯಿಡಾ, ಗೋವಾ ಗಡಿಯ ರಾಮನಗರ, ಹೀಗೆ ಸುತ್ತಲಿನ ಊರುಗಳ ಮಕ್ಕಳೇ ಹೆಚ್ಚು. ಪಕ್ಕದ ಓಣಿಯಲ್ಲೇ ಮನೆಯಿದ್ದರೂ ಹಾಸ್ಟೆಲ್‌ನಲ್ಲೇ ಇರಬೇಕೆಂಬುದು ಫಾದರ್‌ಗಳ ನಿಯಮ. ಹಾಗಾಗಿ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಿಗುವ ಚಿಗಳ್ಳಿಯ ನಾನೂ ಟ್ರಂಕು, ಗಾದಿ ಹೊತ್ತು ಅಲ್ಲಿಗೆ ಸೇರಿದೆ.

ಊಟ ನಡೆಯುವ ದೊಡ್ಡ ಹಾಲಿನಲ್ಲಿ ಒಂದು ಪದ್ಧತಿಯಿತ್ತು. ಉದ್ದನೆಯ ಮೇಜುಗಳು. ಯಾವ ಮೇಜಿನಲ್ಲೂ ಒಂದೇ ಊರಿನವರು, ಒಂದೇ ಮನೆಮಾತಿನವರು ಕೂಡುವಂತಿಲ್ಲ. ಕಲಿತು ಮುಗಿಸುವ ತನಕ ಅದೇ ಮೇಜು, ಅದೇ ಜನ. ಅನ್ನ, ಸಾರಿನ ಪಾತ್ರೆಗಳು ನಡುವೆ ಇರುತ್ತಿದ್ದವು. ಪಾಳಿಯ ಪ್ರಕಾರ ಒಬ್ಬರು ನೀರಿನ ಜಗ್ಗು ಹಿಡಿದು ಎಲ್ಲರಿಗೂ ಹಾಕಬೇಕು. ಊಟ ಮುಗಿದವರು ತಮ್ಮ ಲೋಟವನ್ನು ಬೋರಲು ಹಾಕಬೇಕು. ಇಡೀ ಹಾಲಿನ ಲೋಟಗಳೆಲ್ಲ ಬೋರಲಾದ ಮೇಲೆ ಯಾರಾದರೊಬ್ಬರು ತಮ್ಮ ಭಾಷೆಯಲ್ಲಿ ಒಂದು ಮಾತು ಕೃತಜ್ಞತೆ ಹೇಳುತ್ತಾರೆ. ಆಮೇಲೆಯೇ ಎಲ್ಲರೂ ಏಳಬೇಕು. ಒಂದು ಲೋಟ ನೆಟ್ಟಗಿದ್ದರೂ ಕುಲಪತಿಗಳೂ ಏಳುವಂತಿಲ್ಲ.

ಮೊದಲ ವಾರ ನಾನು ಈ ನಿಯಮಕ್ಕೆ ಹಿಡಿಶಾಪ ಹಾಕಿದೆ. ಯಾಕೆಂದರೆ ನಾನು ಉಣ್ಣುವುದು ಬಹಳ ನಿಧಾನ. ಚಿಕ್ಕವಳಿದ್ದಾಗ ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಅವ್ವ ಪಾತ್ರೆ ತೊಳೆದು, ಅಂಗಳ ಗುಡಿಸಿ ಬಂದು ಬೈಯುತ್ತಿದ್ದಳು. ಇಲ್ಲಿ ನೋಡಿದರೆ ಇಡೀ ವಿಶ್ವವಿದ್ಯಾಲಯವೇ ಕೈ ಒಣಗಿಸಿಕೊಂಡು ನನ್ನೊಬ್ಬಳ ಲೋಟವನ್ನು ನೋಡುತ್ತಿದೆ! ಅವಸರದಲ್ಲಿ ನುಂಗಲು ಹೋಗಿ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಆಗ ಎದುರಿನಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿದವಳು ಜೂಲಿಯಾನಾ. ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಹುಡುಗಿ. ಗುಂಗುರು ಕೂದಲನ್ನು ಬಿಗಿಯಾಗಿ ಕಟ್ಟಿ, ಯಾರಿಗೂ ಹೆದರದೆ ನಗುತ್ತಿದ್ದಳು.

"ಸಾವಕಾಶ ಉಣ್ಣವಾ. ನಮಗೇನ ಬಸ್ ತಪ್ಪತೈತೇನು?" ಎಂದಳು.

"ಬಸ್ ತಪ್ಪಿದ್ರೂ ಚಿಂತಿಲ್ಲ, ನಿನ್ನ ಸಾರು ತಣ್ಣಗಾಗ್ಬಾರ್ದು ನೋಡು" ಎಂದವಳು ಪಕ್ಕದ ಶಬಾನಾ. ಅವಳು ದಾಂಡೇಲಿಯವಳು. ಎಲ್ಲರಿಗಿಂತ ಮೊದಲು ಲೋಟ ಬೋರಲು ಹಾಕುವ ದಾಖಲೆ ಅವಳದೇ. ತಿಂದದ್ದು ಎಲ್ಲಿಗೆ ಹೋಗುತ್ತಿತ್ತೋ, ಕಡ್ಡಿಯ ಹಾಗಿದ್ದಳು.

ಅವಸರದವರು ಯಾರಾದರೂ ಗೊಣಗಿದರೆ ಹಾಲಿನ ಉಸ್ತುವಾರಿ ನೋಡುತ್ತಿದ್ದ ಕರಾವಳಿ ಕಡೆಯ ಫಾದರ್, "ಇದು ಪರೀಕ್ಷೆ ಅಲ್ಲ ಮಾರಾಯ್ರೆ. ಮೊದಲು ಮುಗಿಸಿದವರಿಗೆ ಇಲ್ಲಿ ಮಾರ್ಕ್ ಇಲ್ಲ" ಎನ್ನುತ್ತಿದ್ದರು. ನಾನು ಉಣ್ಣುತ್ತಲೇ ಇರುತ್ತಿದ್ದೆ. ಉಳಿದವರು ಮಾಡುವುದಾದರೂ ಏನು? ಮಾತಾಡುತ್ತಿದ್ದರು. ಜೂಲಿಯಾನಾ ತನ್ನ ಊರಿನಲ್ಲಿ ಡಮಾಮಿ ಡೋಲು ಬಾರಿಸುವ ಮೊದಲು ಅದರ ಚರ್ಮವನ್ನು ಬೆಂಕಿಗೆ ಹೇಗೆ ಕಾಯಿಸುತ್ತಾರೆಂದು ಹೇಳಿದ್ದು ನನ್ನ ಊಟದ ಹೊತ್ತಿನಲ್ಲಿ. ಶಬಾನಾ ಕಾಳಿ ನದಿಯಲ್ಲಿ ಮೊಸಳೆ ಕಂಡ ಕತೆ ಹೇಳಿದ್ದೂ ಆಗಲೇ. ದಿನ ಕಳೆದಂತೆ ಆ ಮೊಸಳೆ ಬೆಳೆಯುತ್ತ ಹೋಗಿ, ನಾವು ಅಂತಿಮ ವರ್ಷಕ್ಕೆ ಬರುವಷ್ಟರಲ್ಲಿ ಒಂದು ದೋಣಿಯಷ್ಟಾಗಿತ್ತು. ಕ್ಲಾಸಿನಲ್ಲಿ ಕಲಿತ ಅರ್ಥಶಾಸ್ತ್ರ ನನಗೀಗ ಅಷ್ಟು ನೆನಪಿಲ್ಲ, ಆದರೆ ಆ ಮಾತುಗಳೆಲ್ಲ ನೆನಪಿವೆ. ನನ್ನ ನಿಧಾನದಿಂದ ಆ ಮೇಜಿನವರಿಗೆಲ್ಲ ಸ್ನೇಹ ಬೆಳೆಯಿತು ಎಂದು ನಾನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಶಬಾನಾ ಒಪ್ಪುವುದಿಲ್ಲ, ಅದು ಬೇರೆ ಮಾತು.

ಎಲ್ಲ ನೆಟ್ಟಗೆ ನಡೆದಿತ್ತು. ಎರಡನೇ ವರ್ಷ ಶಬಾನಾ ತನ್ನ ಹುಟ್ಟುಹಬ್ಬದ ಫೋಟೊ ಒಂದನ್ನು ಸ್ಟೇಟಸ್‌ಗೆ ಹಾಕಿದಳು. ಮೇಜಿನ ಸುತ್ತ ನಾವೆಲ್ಲ ಹಲ್ಲು ಕಿಸಿದು ಕೂತ ಫೋಟೊ. ನಾನು ಅದನ್ನೇ ಹೆಮ್ಮೆಯಿಂದ ನನ್ನ ಸ್ಟೇಟಸ್‌ಗೂ ಹಾಕಿಕೊಂಡೆ. ಚಿಗಳ್ಳಿಯಲ್ಲಿ ನನ್ನ ಚಿಕ್ಕಮ್ಮ ಅದನ್ನು ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳಂತೆ. ನನ್ನ ಮುಖ ನೋಡಲು ಅಲ್ಲ. ನನ್ನ ತಾಟಿಗೆ ತಾಗಿದಂತಿದ್ದ ಜೂಲಿಯಾನಾಳ ತಾಟಿನಲ್ಲಿ ಒಂದು ಹುರಿದ ಮೀನು ಮಲಗಿತ್ತು.

ನಮ್ಮದು ಲಿಂಗವಂತರ ಮನೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಳ್ಳದೆ ಒಂದು ಗುಟುಕು ನೀರನ್ನೂ ಕುಡಿಯುವವಳಲ್ಲ. ಮಡಿ ಮೈಲಿಗೆಯ ವಿಷಯದಲ್ಲಿ ನಮ್ಮ ಮನೆಯ ಸುಪ್ರೀಂ ಕೋರ್ಟು ಅವಳೇ. ಅಪ್ಪ ಫೋನಿನಲ್ಲಿ ಅಷ್ಟೇ ಹೇಳಿದ: "ಆಯಿ ಏನಂತಾಳೋ ಅದ." ಹಿಂದಿನಿಂದ ಆಯಿಯ ದನಿ ಕೇಳಿಸಿತು. "ಬರೂ ಐತವಾರ ನಾ ಬಂದು ಕಣ್ಣಾರೆ ನೋಡ್ತೇನಿ. ಸರಿ ಅನಸಲಿಲ್ಲಂದ್ರ ಟ್ರಂಕ್ ಸಮೇತ ಕರಕೊಂಡ ಬರ್ತೇನಿ. ಹುಬ್ಬಳ್ಳಿಯೊಳಗ ನಿಮ್ಮ ಅತ್ತಿ ಮನಿ ಐತಿ, ಅಲ್ಲಿದ್ದು ಕಲಿ."

ಅತ್ತೆಯ ಮನೆಯೆಂದರೆ ಏನೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಅವರ ಮಕ್ಕಳ ಡಬ್ಬಿ ಕಟ್ಟಿ, ಸಂಜೆ ಅವರ ಬಟ್ಟೆ ಮಡಚಿ, ನಡುವೆ ಸಮಯ ಸಿಕ್ಕರೆ ಕಾಲೇಜು. ಹಿಂದೆ ಅಲ್ಲಿದ್ದು ಕಲಿಯಲು ಹೋದ ನನ್ನ ಅಕ್ಕ ಚೆನ್ನಾಗಿ ಕಲಿತದ್ದು ಚಪಾತಿ ಲಟ್ಟಿಸುವುದೊಂದನ್ನೇ. ಐತವಾರ, ಅಂದರೆ ಭಾನುವಾರ, ಹಾಸ್ಟೆಲ್‌ನಲ್ಲಿ ಮೀನಿನ ದಿನ. ಆಯಿ ಬೇಕೆಂದೇ ಆ ದಿನ ಆರಿಸಿದ್ದಳು. ನನಗೆ ಆ ವಾರ ನಿಜಕ್ಕೂ ಅಳು ಬರುವಷ್ಟು ಹೆದರಿಕೆಯಾಯಿತು.

ಐತವಾರ ಆಯಿ ಕೈಚೀಲ ಹಿಡಿದು ಬಸ್ಸಿನಿಂದ ಇಳಿದಳು. ಚೀಲದಲ್ಲಿ ಅವಳದೇ ತಾಟು, ಅವಳದೇ ತಂಬಿಗೆ, ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ನ್ಯಾಯ ಹೇಳಲು ಬಂದವಳು ಊಟಕ್ಕೂ ತಯಾರಾಗಿಯೇ ಬಂದಿದ್ದಳು. ಫಾದರ್ ಎದುರಿಗೆ ಬಂದು ಕೈಮುಗಿದರು. "ಬನ್ನಿ ಅಮ್ಮ, ಊಟಕ್ಕೆ ಸರಿಯಾಗಿ ಬಂದ್ರಿ."

"ಊಟಾ ನಾ ತಂದೇನ್ರಿ. ಕುಂಡ್ರಾಕ ಜಾಗಾ ಕೊಡ್ರಿ ಸಾಕು" ಎಂದಳು ಆಯಿ.

ನಮ್ಮ ಮೇಜಿನಲ್ಲಿ ನನ್ನ ಪಕ್ಕ ಕೂತಳು. ಬೆಂಚಿನ ಮೇಲೆ ಕೂತು ಉಣ್ಣುವುದು ಅವಳಿಗೆ ಹೊಸದು. ಕಾಲು ಮಡಚಿ ಮೇಲಿಟ್ಟುಕೊಂಡಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಮೀನಿನ ಪಾತ್ರೆ ಎಲ್ಲಿದೆ ಎಂದು ಹುಡುಕಿದಳು. ಶಬಾನಾ ಅದನ್ನು ಮೇಜಿನ ಕಟ್ಟಕಡೆಗೆ ತಳ್ಳಿ, ಮೇಲೊಂದು ತಾಟು ಮುಚ್ಚಿ, ಏನೂ ಗೊತ್ತಿಲ್ಲದವಳ ಹಾಗೆ ಫ್ಯಾನು ನೋಡುತ್ತಿದ್ದಳು. ನೀರಿನ ಪಾಳಿ ಅಂದು ಜೂಲಿಯಾನಾಳದು. ಜಗ್ಗು ಹಿಡಿದು ಬಂದು, "ನೀರ ಹಾಕಲೇನ್ರಿ ಆಯಿ?" ಎಂದು ನಗುತ್ತ ಬಗ್ಗಿದಳು.

ಆಯಿ ಅವಳ ಮುಖ ನೋಡಿದಳು. ತನ್ನ ಎದುರಿಗಿದ್ದ ಲೋಟವನ್ನು ಎತ್ತಿ ಬೋರಲು ಹಾಕಿದಳು. "ಬ್ಯಾಡ. ನನ್ನ ತಂಬಿಗಿ ಐತಿ."

ಜೂಲಿಯಾನಾಳ ನಗು ಅಲ್ಲೇ ನಿಂತಿತು. ಅವಳು ಮುಂದಿನವರ ಲೋಟಕ್ಕೆ ನೀರು ಹಾಕಿದಳು. ಅವಳ ಅವ್ವ ಬೇರೆಯವರ ಗದ್ದೆಗೆ ನಾಟಿಗೆ ಹೋದಾಗ, ಅಂಗಳದಲ್ಲಿ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ಕತೆಯನ್ನು ಅವಳು ಇದೇ ಮೇಜಿನಲ್ಲಿ ನಮಗೆ ಹೇಳಿದ್ದಳು. ನನ್ನ ಕಿವಿ ಕೆಂಪಾಯಿತು. ಸಿಟ್ಟು ಬಂತು, ನಾಚಿಕೆಯಾಯಿತು. ಹಾಸ್ಟೆಲ್ ಬಿಡಬೇಕಾಗುತ್ತದೆ ಎಂಬ ಭಯಕ್ಕಿಂತ ಜೂಲಿಯಾನಾಳ ಮುಖ ನೋಡುವುದು ಕಷ್ಟವಾಯಿತು.

ಊಟ ಶುರುವಾಯಿತು. ಆಯಿಗೆ ಇರುವುದು ಮುಂದಿನ ನಾಲ್ಕಾರು ಹಲ್ಲು. ಖಡಕ್ ರೊಟ್ಟಿಯನ್ನು ಚೂರು ಮಾಡಿ, ಎಣ್ಣೆಗಾಯಿಯ ರಸದಲ್ಲಿ ಅದ್ದಿ, ಮೆತ್ತಗಾಗುವವರೆಗೆ ಕಾದು ಬಾಯಿಗಿಡುತ್ತಿದ್ದಳು. ನನ್ನ ನಿಧಾನ ಯಾರ ಕಡೆಯಿಂದ ಬಂದದ್ದೆಂದು ಮೇಜಿನವರಿಗೆಲ್ಲ ಅಂದು ತಿಳಿಯಿತು. ಶಬಾನಾ ಮೆಲ್ಲಗೆ ನನ್ನ ಕಾಲು ತುಳಿದಳು.

ಅಂದು ಕೊನೆಯ ಮಾತು ಹೇಳುವ ಪಾಳಿ ರಾಮನಗರದ ವಿನಾಯಕನದು. ಅವನು ಕೂತಿದ್ದು ಹಾಲಿನ ಆಚೆ ತುದಿಗೆ. ಐತವಾರ ಮಧ್ಯಾಹ್ನವೆಂದರೆ ಅವನಿಗೆ ಕ್ರಿಕೆಟ್. ಅಲ್ಲಿಂದಲೇ ಕತ್ತು ಉದ್ದ ಮಾಡಿ ಲೋಟಗಳನ್ನು ನೋಡಿದ. ನಾನಂತೂ ಆ ದಿನ ಎರಡು ತುತ್ತು ತಿಂದು ಲೋಟ ಬೋರಲು ಹಾಕಿದ್ದೆ. ನಮ್ಮ ಮೇಜಿನ ಲೋಟಗಳೆಲ್ಲ ಬೋರಲು. ಆಯಿಯದಂತೂ ಎಲ್ಲರಿಗಿಂತ ಮೊದಲೇ ಬೋರಲು. ವಿನಾಯಕ ಎದ್ದು ನಿಂತು ತನ್ನ ಮರಾಠಿಯಲ್ಲಿ ಅನ್ನ ಬೆಳೆದವರಿಗೆ, ಬೇಯಿಸಿದವರಿಗೆ ಧನ್ಯವಾದ ಹೇಳಿಯೇಬಿಟ್ಟ. ಬೆಂಚುಗಳು ಕಿರ್ರೆಂದವು. ಇಡೀ ಹಾಲು ಎದ್ದಿತು.

ಆಯಿ ತಲೆಯೆತ್ತಲಿಲ್ಲ. ಇನ್ನೂ ಮೊದಲ ರೊಟ್ಟಿಯೂ ಮುಗಿದಿರಲಿಲ್ಲ. ಎಲ್ಲರೂ ಉಂಡು ಎದ್ದು ಹೋಗುವುದು, ತಾನೊಬ್ಬಳೇ ತಾಟಿನ ಮುಂದೆ ಉಳಿಯುವುದು ಅವಳಿಗೆ ಹೊಸದೇನಲ್ಲ. ನಮ್ಮ ಮನೆಯಲ್ಲಿ ಮೊದಲು ಅಜ್ಜ, ಅಪ್ಪ, ಕಾಕಾ. ಆಮೇಲೆ ಮಕ್ಕಳು. ಆಮೇಲೆ ಸೊಸೆಯಂದಿರು. ಎಲ್ಲರಿಗೂ ಸಾಕಾಯಿತೇ ಎಂದು ಕೇಳಿ, ಉಳಿದದ್ದನ್ನು ಹಾಕಿಕೊಂಡು ಆಯಿ ಒಲೆಯ ಮುಂದೆ ಒಬ್ಬಳೇ ಕೂಡುತ್ತಿದ್ದಳು. ಸುಪ್ರೀಂ ಕೋರ್ಟಿನ ಊಟದ ಹೊತ್ತಿಗೆ ಕೋರ್ಟಿನಲ್ಲಿ ಯಾರೂ ಇರುತ್ತಿರಲಿಲ್ಲ.

ಆಗ ಜೂಲಿಯಾನಾ ಕೂತಳು.

ಎದ್ದವಳು, ಆಯಿಯ ತಾಟು ನೋಡಿ, ಹಾಗೇ ಮತ್ತೆ ಬೆಂಚಿನ ಮೇಲೆ ಕೂತಳು. ಶಬಾನಾ ಅವಳನ್ನು ನೋಡಿ ಕೂತಳು. ನಾನು ಕೂತೆ. ಪಕ್ಕದ ಮೇಜಿನವರು ತಿರುಗಿ ನೋಡಿ, ತಮ್ಮ ತಪ್ಪು ಅರಿವಾಗಿ ಕೂತರು. ಬಾಗಿಲ ತನಕ ಹೋಗಿದ್ದವರು ಮರಳಿ ಬಂದರು. ಕುಲಪತಿಗಳು ಕೈ ತೊಳೆಯಲು ಹೊರಟಿದ್ದವರು ಕಿಸೆಯಿಂದ ಕರವಸ್ತ್ರ ತೆಗೆದು ಕೈ ಒರೆಸಿಕೊಂಡು ತಮ್ಮ ಜಾಗಕ್ಕೆ ಬಂದು ಕೂತರು. ವಿನಾಯಕ ನಾಲಿಗೆ ಕಚ್ಚಿಕೊಂಡು ಎಲ್ಲರಿಗಿಂತ ಕೊನೆಗೆ ಕೂತ.

ಬೆಂಚುಗಳು ಮತ್ತೊಮ್ಮೆ ಕಿರ್ರೆಂದವು. ಆಗ ಆಯಿ ತಲೆಯೆತ್ತಿದಳು.

"ಯಾಕವಾ ಪೂರ್ಣಿ, ಎಲ್ಲಾರೂ ಮತ್ತ ಕುಂತ್ರು? ಇನ್ನೇನರ ಬಡಸ್ತಾರೇನು?"

ನಾನು ಬಾಯಿ ತೆರೆಯುವ ಮೊದಲೇ ಜೂಲಿಯಾನಾ ಹೇಳಿದಳು. "ಇಲ್ರಿ ಆಯಿ. ನಿಮ್ದಿನ್ನೂ ಆಗಿಲ್ಲಲ್ರಿ, ಅದಕ್ಕ."

"ನಂದಾಗಲಿಲ್ಲಂದ್ರ ನಿಮಗೇನು? ಹೋಗ್ರಿ ನಿಮ್ಮ ಕೆಲಸಕ್ಕ."

"ಇಲ್ಲಿ ಹಂಗ ಇಲ್ರಿ. ಎಲ್ಲಾರದೂ ಆಗೂತನಕ ಯಾರೂ ಏಳೂದಿಲ್ಲ."

ಆಯಿ ಹಾಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಕುಲಪತಿಗಳತ್ತ ಗದ್ದ ಎತ್ತಿ ಕೇಳಿದಳು. "ಆ ಹಿರೀ ಫಾದರೂನ?"

"ಅವರೂ ಅಷ್ಟರಿ."

"ನನ್ನ ಸಲುವಾಗಿ?"

"ನಿಮ್ಮ ಸಲುವಾಗಿನ ರೀ."

ಆಯಿ ಒಂದು ತುತ್ತು ಅದ್ದಿದಳು. ಬಾಯಿಗಿಡಲಿಲ್ಲ. ತಾಟಿನ ಕಡೆ ನೋಡುತ್ತಲೇ ಹೇಳಿದಳು. "ಲಗ್ನಾಗಿ ಆ ಮನಿಗೆ ಬಂದಾಗಿಂದ ನಾ ಒಬ್ಬಾಕಿನ ಉಂಡೇನವಾ. ನಿಂದಾತೇನು ಅಂತ ಯಾರೂ ಕೇಳಿದ್ದಿಲ್ಲ. ನಿಮ್ಮಜ್ಜನೂ."

ನನಗೆ ಅಳು ಬಂತು, ಅತ್ತುಬಿಟ್ಟೆ. ಶಬಾನಾ ಫ್ಯಾನು ನೋಡುವುದನ್ನು ಬಿಟ್ಟು ಮೂಗು ಒರೆಸಿಕೊಂಡಳು. ಆಯಿ ಅಳುವ ಪೈಕಿ ಅಲ್ಲ. ಎಡಗೈ ಚಾಚಿ, ತನ್ನ ಎದುರಿಗಿದ್ದ ಬೋರಲು ಲೋಟವನ್ನು ಎತ್ತಿ ನೆಟ್ಟಗೆ ಇಟ್ಟಳು. ಅದನ್ನು ಜೂಲಿಯಾನಾಳ ಕಡೆ ಸರಿಸಿದಳು.

"ನೀರ ಹಾಕವಾ."

ಜೂಲಿಯಾನಾ ಜಗ್ಗು ಎತ್ತಿ ನೀರು ಹಾಕಿದಳು. ಲೋಟ ತುಂಬಿ ಮೇಜಿನ ಮೇಲೂ ಚೆಲ್ಲಿತು. ಆಯಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಆ ನೀರು ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು. "ಅನ್ನ ಐತೇನು?"

"ಐತ್ರಿ. ಸಾರೂ ಐತಿ. ಬ್ಯಾಳೀದರಿ, ಮೀನಿಂದಲ್ಲ!" ಎಂದಳು ಜೂಲಿಯಾನಾ ಗಾಬರಿಯಿಂದ. ಹಾಲಿನಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದು ನಕ್ಕರು.

ಅವಳೇ ಬಡಿಸಿದಳು. ಆಯಿ ಉಂಡಳು. ಇಡೀ ಜನ್ಮದ ಬಾಕಿ ತೀರಿಸಿಕೊಳ್ಳುವವಳ ಹಾಗೆ, ಮೊದಲಿಗಿಂತ ನಿಧಾನವಾಗಿ ಉಂಡಳು. ನಡುವೆ ತನ್ನ ಎಣ್ಣೆಗಾಯಿಯನ್ನು ಜೂಲಿಯಾನಾಳ ತಾಟಿಗೂ ಶಬಾನಾಳ ತಾಟಿಗೂ ಹಾಕಿ, ಖಾರ ಹೆಚ್ಚಾಯಿತೇ ಎಂದು ವಿಚಾರಿಸಿದಳು. ಮುಗಿದ ಮೇಲೆ ತನ್ನ ಪದ್ಧತಿಯಂತೆ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಒಂದು ಅಗುಳೂ ಬಿಡದೆ ಕುಡಿದಳು. ಇಡೀ ಹಾಲು ಕಣ್ಣರಳಿಸಿ ನೋಡಿತು. ಕೊನೆಗೆ ನನ್ನನ್ನು ಕೇಳಿದಳು. "ಈಗ ಇದನ್ನ ಡಬ್ ಹಾಕಬೇಕೇನು?"

"ಹೂಂ ಆಯಿ."

ಲೋಟವನ್ನು ಟಕ್ಕೆಂದು ಬೋರಲು ಹಾಕಿದಳು. ವಿನಾಯಕ ಎದ್ದು ನಿಂತು ಎರಡನೇ ಸಲ ಧನ್ಯವಾದ ಹೇಳಿದ. ಈ ಸಲ ನಮ್ಮ ಮೇಜಿನ ಹತ್ತಿರವೇ ಬಂದು ಹೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಆಯಿಯ ಪಕ್ಕ ನಿಂತು ತೀರ್ಪಿಗೆ ಕಾದೆ. ಟ್ರಂಕು ತರಲೋ ಬೇಡವೋ ಎಂದು ಕೇಳುವ ಧೈರ್ಯವಿರಲಿಲ್ಲ. ಹುಬ್ಬಳ್ಳಿಯ ಬಸ್ಸೊಂದು ಬಂದು ಹೋಯಿತು. ನಾನು ಅದರ ಬೋರ್ಡನ್ನೇ ನೋಡುತ್ತ ನಿಂತೆ. ಅದಾದ ಮೇಲೆ ಆಯಿ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು.

"ಆ ಮೀನಿನ ವಾಸನೀ ಮಾತ್ರ ತಡಕೊಳ್ಳಾಕ ಆಗಲಿಲ್ಲ ನನಗ. ಐತವಾರ ನೀ ಕಿಡಕೀ ಬಾಜೂ ಕುಂಡ್ರು."

ಅಷ್ಟೇ. ಕಿಟಕಿಯ ಪಕ್ಕ ಕೂತರೆ ಸಾಕು, ಟ್ರಂಕಿನ ಮಾತೇ ಇಲ್ಲ. ನಾನು ಅವಳನ್ನು ಬಸ್ ಸ್ಟ್ಯಾಂಡಿನಲ್ಲೇ ತಬ್ಬಿಕೊಂಡೆ. "ಬಿಡ ಬಿಡ, ಮಂದಿ ನೋಡ್ತಾರ" ಎಂದಳು. ಆ ಸಂಜೆ ಜೂಲಿಯಾನಾ ವರಾಂಡದಲ್ಲಿ ನಿಂತು ತನ್ನ ಅವ್ವನಿಗೆ ಫೋನ್ ಮಾಡುತ್ತಿದ್ದದ್ದು ನನಗೆ ಕೇಳಿಸಿತು. ನಡುನಡುವೆ ಕೊಂಕಣಿ, ನಡುನಡುವೆ ಕನ್ನಡ. "ನನ್ನ ಕೈಲೆ ನೀರ ಕುಡದ್ಲವಾ. ಲೋಟಾ ತಾನ ಮುಂದ ಮಾಡಿದ್ಲು" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಈಗ ಅವಳು ಹಳಿಯಾಳದ ಕಡೆ ಶಾಲೆಯೊಂದರಲ್ಲಿ ಟೀಚರ್. ಅಲ್ಲಿಯ ಮಕ್ಕಳು ಬಿಸಿಯೂಟದ ನಂತರ ಎಲ್ಲರದೂ ಮುಗಿಯುವ ತನಕ ಕೂತಿರುತ್ತಾರಂತೆ. ಶಬಾನಾ ಮದುವೆಯಾಗಿ ದಾಂಡೇಲಿಯಲ್ಲೇ ಇದ್ದಾಳೆ. ಮೊಸಳೆಯ ವಿಷಯ ಕೇಳಿದರೆ ಈಗಲೂ ಶುರು ಮಾಡುತ್ತಾಳೆ.

ಆಯಿ ಬಂದು ಹೋದ ಆ ವರ್ಷದ ದೀಪಾವಳಿಗೆ ನಾನು ಊರಿಗೆ ಹೋದೆ. ಹಬ್ಬದೂಟಕ್ಕೆ ಎಂದಿನಂತೆ ಗಂಡಸರಿಗೆ ತಾಟು ಹಾಕಿದ್ದರು. ಅಜ್ಜ, ಅಪ್ಪ, ಕಾಕಾ ಸಾಲಾಗಿ ಕೂತರು. ಅವ್ವ ರೊಟ್ಟಿ ಬುಟ್ಟಿ ತಂದಳು, ಚಿಕ್ಕಮ್ಮ ಪಲ್ಯದ ಪಾತ್ರೆ ತಂದಳು. ಅಷ್ಟರಲ್ಲಿ ಆಯಿ ಒಳಗಿನಿಂದ ತನ್ನ ತಾಟು, ಲೋಟ ಹಿಡಿದುಕೊಂಡು ಬಂದಳು. ಅಜ್ಜನ ಪಕ್ಕದಲ್ಲೇ ಇಟ್ಟುಕೊಂಡು ಕೂತಳು.

ಕಾಕಾ ದಂಗಾದ. "ಆಯಿ, ನೀ ಕುಂತರ ಬಡಸೋರ್ಯಾರು?"

"ಬುಟ್ಟಿ ನಡುವ ಇಡ್ರಿ. ನಿಮಗ ಕೈ ಇಲ್ಲೇನು?" ಎಂದಳು ಆಯಿ. ಅವ್ವನ ಕಡೆ, ಚಿಕ್ಕಮ್ಮನ ಕಡೆ ನೋಡಿ, "ನೀವೂ ಕುಂಡ್ರಿ" ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೋಣೆಯ ಬಾಗಿಲ ಬಳಿ ಅಂಜುತ್ತ ಕೂತರು. ನಾನು ಎಲ್ಲರಿಗೂ ನೀರು ಹಾಕಿ ಕೂತೆ.

ಅಜ್ಜನ ಊಟ ಮುಗಿಯಿತು, ಅಪ್ಪನದೂ ಮುಗಿಯಿತು. ಕಾಕಾನಿಗೆ ಪೇಟೆಯಲ್ಲಿ ಪಟಾಕಿ ತರುವ ಅವಸರ. ನೆಲಕ್ಕೆ ಕೈಯೂರಿ ಅರ್ಧ ಎದ್ದ. ಆಯಿ ತಾಟಿನಿಂದ ತಲೆಯೆತ್ತದೆ ಹೇಳಿದಳು.

"ಕುಂಡ್ರೋ. ನಂದಿನ್ನೂ ಆಗಿಲ್ಲ."

ಕಾಕಾ ಅಜ್ಜನನ್ನು ನೋಡಿದ. ಅಜ್ಜನೂ ಏಳಲೆಂದು ಮೊಣಕಾಲ ಮೇಲೆ ಕೈ ಇಟ್ಟಿದ್ದ. ಒಂದು ಗಳಿಗೆ ಆಯಿಯನ್ನೇ ನೋಡಿ, ಆ ಕೈ ತೆಗೆದು, ಮತ್ತೆ ಚಕ್ಕಳಮಕ್ಕಳ ಹಾಕಿ ಕೂತ. ಕಾಕಾನೂ ಮೆಲ್ಲಗೆ ಮತ್ತೆ ಕೂತ. ಆಯಿಯ ಲೋಟ ನೆಟ್ಟಗೆ ನಿಂತಿತ್ತು, ತುಂಬ ನೀರಿತ್ತು. ಅವಳು ಬುಟ್ಟಿಗೆ ಕೈ ಹಾಕಿ ಇನ್ನೊಂದು ರೊಟ್ಟಿ ತೆಗೆದುಕೊಂಡಳು.